ಕಾಮಾ ಆದ ಮೇಲೆ ಯಾರು ಬರಬೇಕು? ಎಸ್‌ಎಟಿ ಮಾಡಿಫೈಯರ್ ಪ್ರಶ್ನೆಗಳಲ್ಲಿ ಪದೇ ಪದೇ ತಪ್ಪು

ತುಂಗಾತೀರ:

ಡಿಜಿಟಲ್ ಎಸ್‌ಎಟಿಗೆ (ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆ) ತಯಾರಿ ನಡೆದಿದೆ. ಸೆಮಿಕೋಲನ್, ಟೆನ್ಸ್, ವರ್ಬ್ ಅಗ್ರಿಮೆಂಟ್ ಎಲ್ಲ ಸರಿ ಬರುತ್ತಿದೆ. ಮಾಡಿಫೈಯರ್, ಅಂದರೆ ಇನ್ನೊಂದು ಪದವನ್ನು ವಿವರಿಸುವ ತುಂಡಿನ ಪ್ರಶ್ನೆಯಲ್ಲಿ ಮಾತ್ರ ಪ್ರತಿ ಸಲ ಎರಡು ಆಪ್ಷನ್ ಮಧ್ಯೆ ಸಿಕ್ಕಿಬೀಳುತ್ತೇನೆ. ಇದನ್ನು ನೋಡಿ:

"ಬಾರ್ನ್ ಇನ್ ತಿರುಚಿರಾಪಳ್ಳಿ ಇನ್ 1888, ______"

ಎ) ದಿ ನೊಬೆಲ್ ಪ್ರೈಜ್ ಇನ್ ಫಿಸಿಕ್ಸ್ ವಾಸ್ ಅವಾರ್ಡೆಡ್ ಟು ಸಿ.ವಿ. ರಾಮನ್ ಇನ್ 1930.
ಬಿ) ಸಿ.ವಿ. ರಾಮನ್ಸ್ ವರ್ಕ್ ಆನ್ ಲೈಟ್ ವನ್ ದಿ ನೊಬೆಲ್ ಪ್ರೈಜ್ ಇನ್ ಫಿಸಿಕ್ಸ್ ಇನ್ 1930.
ಸಿ) ಸಿ.ವಿ. ರಾಮನ್ ವನ್ ದಿ ನೊಬೆಲ್ ಪ್ರೈಜ್ ಇನ್ ಫಿಸಿಕ್ಸ್ ಇನ್ 1930.
ಡಿ) ಇಟ್ ವಾಸ್ ಇನ್ 1930 ದಟ್ ಸಿ.ವಿ. ರಾಮನ್ ವನ್ ದಿ ನೊಬೆಲ್ ಪ್ರೈಜ್ ಇನ್ ಫಿಸಿಕ್ಸ್.

ಸರಿ ಉತ್ತರ ಸಿ. ನಾನು ಬಿ ಹಾಕಿದ್ದೆ. ಕಾಮಾ ಆದ ತಕ್ಷಣ ರಾಮನ್ ಹೆಸರು ಬಂದಿದೆಯಲ್ಲ, ಮತ್ತೆ ಯಾಕೆ ತಪ್ಪು? ನಿಜ ಹೇಳಬೇಕೆಂದರೆ ನಾಲ್ಕನ್ನೂ ಓದಿದರೆ ಅರ್ಥ ಆಗುತ್ತದೆ.

ಕಾಮಾ_ಕಾವಲುಗಾರ:

ಅರ್ಥ ಆಗುತ್ತಿರುವುದೇ ನಿಮಗೆ ತೊಂದರೆ ಕೊಡುತ್ತಿದೆ. ಈ ಪ್ರಶ್ನೆಯಲ್ಲಿ ಅರ್ಥ ಆಯಿತೇ ಎಂದು ಯಾರೂ ಕೇಳುತ್ತಿಲ್ಲ. ವಾಕ್ಯದ ಮೊದಲ ತುಂಡಿಗೆ ಕರ್ತೃ ಇಲ್ಲದಿದ್ದರೆ, ಕಾಮಾ ಆದ ಮೇಲಿನ ವಾಕ್ಯದ ಸಬ್ಜೆಕ್ಟೇ ಅದರ ಕರ್ತೃ. ಇಲ್ಲಿ ಪರೀಕ್ಷೆ ಮಾಡುವುದು ಇಷ್ಟನ್ನೇ.

ಬಿ ಆಪ್ಷನ್‌ನಲ್ಲಿ ಮೊದಲು ಕಾಣುವುದು ರಾಮನ್ ಹೆಸರು, ಆದರೆ ಸಬ್ಜೆಕ್ಟ್ ಅವರಲ್ಲ. "ರಾಮನ್ಸ್ ವರ್ಕ್" ಅಂದರೆ ರಾಮನ್ ಅವರ ಕೆಲಸ, ಸಬ್ಜೆಕ್ಟ್ "ವರ್ಕ್". ಹಾಗಾಗಿ 1888ರಲ್ಲಿ ತಿರುಚಿರಾಪಳ್ಳಿಯಲ್ಲಿ ಹುಟ್ಟಿದ್ದು ಆ ಕೆಲಸ ಎಂದಾಯಿತು. ಎ ಪ್ರಕಾರ ಹುಟ್ಟಿದ್ದು ನೊಬೆಲ್ ಪ್ರಶಸ್ತಿ. ಡಿಯಲ್ಲಿ "ಇಟ್" ಬರೀ ಜಾಗ ತುಂಬಿಸುವ ಪದ, ಅದು ಹುಟ್ಟುವುದಕ್ಕೆ ಸಾಧ್ಯವೇ ಇಲ್ಲ. ಒಂದು ಆಪ್ಷನ್ ಪ್ಯಾಸಿವ್, ಒಂದು ಪೊಸೆಸಿವ್, ಒಂದು "ಇಟ್" ಇಲ್ಲವೇ "ದೇರ್": ನಿಮಗೆ ಬಲೆ ಬೀಸುವುದು ಹೆಚ್ಚಾಗಿ ಈ ಮೂರರಲ್ಲೇ.

ಕನ್ನಡದವರು ಇದರಲ್ಲಿ ಸುಲಭವಾಗಿ ಸಿಕ್ಕಿಬೀಳುವುದಕ್ಕೆ ಕಾರಣವಿದೆ. "ನಾಗರಹೊಳೆಯಲ್ಲಿ ಹೋಗುತ್ತಿರುವಾಗ ಆನೆ ಕಾಣಿಸಿತು" ಎಂದರೆ ಹೋಗುತ್ತಿದ್ದದ್ದು ನಾವು, ಕಾಣಿಸಿದ್ದು ಆನೆ. "-ವಾಗ" ಬಂದರೆ ಎರಡು ಕಡೆಯ ಕರ್ತೃ ಬೇರೆ ಬೇರೆ ಇರಬಹುದು. ಅದನ್ನೇ "ಡ್ರೈವಿಂಗ್ ಥ್ರೂ ನಾಗರಹೊಳೆ, ಆನ್ ಎಲಿಫೆಂಟ್ ಅಪಿಯರ್ಡ್" ಎಂದು ಬರೆದರೆ ಸ್ಟೇರಿಂಗ್ ಹಿಡಿದದ್ದು ಆನೆ! ಸರಿ ಮಾಡಲು ಎರಡು ದಾರಿ. ಕಾಮಾ ಆದ ಮೇಲೆ ಮನುಷ್ಯರನ್ನು ತನ್ನಿ: "ಡ್ರೈವಿಂಗ್ ಥ್ರೂ ನಾಗರಹೊಳೆ, ವಿ ಸಾ ಆನ್ ಎಲಿಫೆಂಟ್." ಇಲ್ಲವೇ ಮೊದಲ ತುಂಡಿಗೇ ಕರ್ತೃ ಕೊಡಿ: "ಆಸ್ ವಿ ಡ್ರೋವ್ ಥ್ರೂ ನಾಗರಹೊಳೆ, ಆನ್ ಎಲಿಫೆಂಟ್ ಅಪಿಯರ್ಡ್." ಎರಡನೆಯದರಲ್ಲಿ "ವಿ" ಒಳಗೇ ಇರುವುದರಿಂದ ಆಮೇಲೆ ಆನೆ ಬಂದರೂ ಅಡ್ಡಿಯಿಲ್ಲ.

ಪರೀಕ್ಷೆಯಲ್ಲಿ ಮಾಡಬೇಕಾದ್ದು ಹೀಗೆ. ಮೊದಲ ತುಂಡು ಓದಿ, "ಯಾರು?" ಅಥವಾ "ಏನು?" ಎಂದು ಕೇಳಿ. ಉತ್ತರವನ್ನು ಮನಸ್ಸಿನಲ್ಲಿಟ್ಟುಕೊಂಡು ನಾಲ್ಕೂ ಆಪ್ಷನ್‌ಗಳ ಸಬ್ಜೆಕ್ಟ್ ಮಾತ್ರ ಹುಡುಕಿ. ಪೂರ್ತಿ ಓದಬೇಡಿ, ಓದಿದರೆ ಅರ್ಥ ಮತ್ತೆ ದಾರಿ ತಪ್ಪಿಸುತ್ತದೆ. ಹೊಂದದ್ದನ್ನು ಹೊಡೆದುಹಾಕಿ. ಎರಡು ಉಳಿದರೆ ಮಾತ್ರ ಪೂರ್ತಿ ಓದಿ. ಆಗ ವ್ಯತ್ಯಾಸ ಸಾಮಾನ್ಯವಾಗಿ ಟೆನ್ಸ್‌ನಲ್ಲೋ ಕಾಮಾದಲ್ಲೋ ಇರುತ್ತದೆ.

ಹಳೇಪೇಪರ್:

ಮೇಲಿನದಕ್ಕೆ ಒಂದು ಸೇರಿಕೆ. "ಪ್ಯಾಸಿವ್ ಕಂಡರೆ ಹೊಡೆದುಹಾಕು" ಎಂದು ಕೆಲವು ಕೋಚಿಂಗ್ ನೋಟ್ಸ್‌ಗಳಲ್ಲಿ ಇರುತ್ತದೆ, ನಂಬಬೇಡಿ. "ನೋನ್ ಫಾರ್ ಹಿಸ್ ವರ್ಕ್ ಆನ್ ಲೈಟ್, ರಾಮನ್ ವಾಸ್ ಅವಾರ್ಡೆಡ್ ದಿ ಭಾರತ್ ರತ್ನ ಇನ್ 1954" ಪ್ಯಾಸಿವ್ ಆದರೂ ನೂರಕ್ಕೆ ನೂರು ಸರಿ. ಸಬ್ಜೆಕ್ಟ್ ಜಾಗದಲ್ಲಿ ಯಾರು ಕೂತಿದ್ದಾರೆ ಎಂಬುದಷ್ಟೇ ಮುಖ್ಯ.

"ಲೈಕ್", "ಅನ್‌ಲೈಕ್" ಕೂಡ ಇದೇ ಲೆಕ್ಕ. "ಅನ್‌ಲೈಕ್ ಮೈಸೂರು, ದಿ ಟ್ರಾಫಿಕ್ ಇನ್ ಬೆಂಗಳೂರು..." ಎಂದರೆ ಊರನ್ನು ಟ್ರಾಫಿಕ್ ಜೊತೆ ಹೋಲಿಸಿದಂತಾಯಿತು. "ಅನ್‌ಲೈಕ್ ದಿ ಟ್ರಾಫಿಕ್ ಇನ್ ಮೈಸೂರು" ಎಂದಾದರೆ ಸರಿ.

ಇದು ಎಸ್‌ಎಟಿಗೆ ಮಾತ್ರ ಸೀಮಿತವಲ್ಲ. ಕೇಂದ್ರ ಸರ್ಕಾರಿ ಕೆಲಸಗಳ ಎಸ್‌ಎಸ್‌ಸಿ ಪರೀಕ್ಷೆಯ ಎರರ್ ಸ್ಪಾಟಿಂಗ್‌ನಲ್ಲಿ (ತಪ್ಪಿರುವ ತುಂಡು ಗುರುತಿಸುವ ಪ್ರಶ್ನೆ) ಇದರ ಹಳೆಯ ರೂಪ ಹೀಗಿರುತ್ತದೆ: "ಬೀಯಿಂಗ್ ಎ ರೇನಿ ಡೇ / ದಿ ಮ್ಯಾಚ್ / ವಾಸ್ ಕಾಲ್ಡ್ ಆಫ್ / ನೋ ಎರರ್." ತುಂಬ ಜನ "ನೋ ಎರರ್" ಒತ್ತುತ್ತಾರೆ. ತಪ್ಪು ಮೊದಲ ತುಂಡಿನಲ್ಲಿದೆ. ಮ್ಯಾಚ್ ಮಳೆಯ ದಿನ ಆಗಲಾರದು. "ಇಟ್ ಬೀಯಿಂಗ್ ಎ ರೇನಿ ಡೇ" ಆಗಬೇಕು. ಎಸ್‌ಎಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ. ಎಸ್‌ಎಸ್‌ಸಿಯ ಪದವೀಧರ ಮಟ್ಟದ ಪರೀಕ್ಷೆ ಸಿಜಿಎಲ್‌ನ ಟಿಯರ್ 1ರಲ್ಲಿ ಪ್ರತಿ ಪ್ರಶ್ನೆಗೆ 2 ಅಂಕ, ತಪ್ಪಿಗೆ ಅರ್ಧ ಅಂಕ ಹೋಗುತ್ತದೆ. "ಬೀಯಿಂಗ್" ಅಥವಾ "ಹ್ಯಾವಿಂಗ್" ಇಂದ ಶುರುವಾಗುವ ವಾಕ್ಯ ಕಂಡರೆ ಮೊದಲು ಅದನ್ನೇ ಅನುಮಾನಿಸಿ.

ತುಂಗಾತೀರ:

ಬಿ ಯಾಕೆ ತಪ್ಪು ಎಂದು ಈಗ ಸ್ಪಷ್ಟವಾಯಿತು. ಆದರೆ "ಹತ್ತಿರದ ನಾಮಪದ" ನಿಯಮವನ್ನು (ಮಾಡಿಫೈಯರ್ ತನ್ನ ಪಕ್ಕದ ನಾಮಪದಕ್ಕೆ ಸೇರುತ್ತದೆ ಎಂಬುದನ್ನು) ವಾಕ್ಯದ ಕೊನೆಗೆ ಹಾಕಿದಾಗ ಮತ್ತೆ ಗೊಂದಲ. "ಎ ಲ್ಯಾಂಡ್‌ಸ್ಲೈಡ್ ಹಿಟ್ ದಿ ಹೈವೇ ನಿಯರ್ ಶಿರಾಡಿ, ಬ್ಲಾಕಿಂಗ್ ಟ್ರಾಫಿಕ್ ಫಾರ್ ಅವರ್ಸ್." ಹತ್ತಿರ ಇರುವುದು ಶಿರಾಡಿ. ಹಾಗಾದರೆ ಇದು ತಪ್ಪೇ? "ದಿ ರೇನ್ ಹ್ಯಾವಿಂಗ್ ಸ್ಟಾಪ್ಡ್, ದಿ ಮ್ಯಾಚ್ ರಿಸ್ಯೂಮ್ಡ್" ಎಂಬುದನ್ನು ಸರಿ ಎಂದಿದ್ದಾರೆ, ಅದು ಹೇಗೆ?

ಕಾಮಾ_ಕಾವಲುಗಾರ:

ಎರಡೂ ಸರಿ. "ಹತ್ತಿರದ ನಾಮಪದ" ಎಂದು ಉರುಹೊಡೆದರೆ ಹೀಗೇ ಆಗುತ್ತದೆ, ಆ ಮಾತನ್ನು ಮರೆತುಬಿಡಿ.

ಶಿರಾಡಿ ವಾಕ್ಯದಲ್ಲಿ ಕಾಮಾ ಹಾಕಿ ಕೊನೆಗೆ ಬಂದ "-ಇಂಗ್" ತುಂಡು ಹಿಂದಿನ ಪದವನ್ನು ಹಿಡಿಯುವುದಿಲ್ಲ, ಹಿಂದೆ ನಡೆದ ಇಡೀ ಘಟನೆಯನ್ನು ಇಲ್ಲವೇ ಅದರ ಕರ್ತೃವನ್ನು ಹಿಡಿಯುತ್ತದೆ. ಗುಡ್ಡ ಕುಸಿಯಿತು, ಅದರಿಂದ ವಾಹನ ನಿಂತವು. "ರಾಮನ್ ಲೆಫ್ಟ್ ಗವರ್ನಮೆಂಟ್ ಸರ್ವಿಸ್ ಇನ್ 1917, ಜಾಯ್ನಿಂಗ್ ಕಲ್ಕತ್ತಾ ಯೂನಿವರ್ಸಿಟಿ" ಎಂಬುದರಲ್ಲಿ ಸೇರಿದ್ದು ರಾಮನ್. ಕಾಮಾ ತೆಗೆದರೆ ಕಥೆ ಬೇರೆ: "ದಿ ಪೊಲೀಸ್ ಟೋಡ್ ದಿ ಲಾರಿ ಬ್ಲಾಕಿಂಗ್ ದಿ ರೋಡ್" ಎಂದರೆ ಅಡ್ಡ ನಿಂತದ್ದು ಲಾರಿ. ಇಲ್ಲಿ ಒಂದು ಕಾಮಾ ಸೇರಿಸಿ ನೋಡಿ, ರಸ್ತೆಗೆ ಅಡ್ಡ ನಿಂತವರು ಪೊಲೀಸರೇ ಆಗಿಬಿಡುತ್ತಾರೆ.

ಅದೇ ಶಿರಾಡಿ ವಾಕ್ಯದಲ್ಲಿ "ಬ್ಲಾಕಿಂಗ್" ಬದಲು "ವಿಚ್ ಬ್ಲಾಕ್ಡ್ ಟ್ರಾಫಿಕ್" ಇದ್ದರೆ ಪರೀಕ್ಷೆಯ ಲೆಕ್ಕದಲ್ಲಿ ತಪ್ಪು. "ವಿಚ್" ತನ್ನ ಹಿಂದಿನ ನಾಮಪದಕ್ಕೆ ಅಂಟುತ್ತದೆ. ಇಡೀ ಘಟನೆಯನ್ನು ಅದು ಹಿಡಿಯಲಾರದು ಎಂದೇ ಪರೀಕ್ಷೆ ನಡೆಸುವವರು ನೋಡುತ್ತಾರೆ. ಮಾತಿನಲ್ಲಿ ಹೀಗೆ ಹೇಳಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಆ ಮಾತು ಬೇರೆ.

ಮಳೆಯ ವಾಕ್ಯದಲ್ಲಿ "ಹ್ಯಾವಿಂಗ್ ಸ್ಟಾಪ್ಡ್" ತನ್ನ ಕರ್ತೃವನ್ನು ತಾನೇ ತಂದಿದೆ: "ದಿ ರೇನ್". ಹಾಗಾಗಿ ಕಾಮಾ ಆಚೆ ಯಾರನ್ನೂ ಅದು ಹುಡುಕುವುದಿಲ್ಲ. "ಇಟ್ ಬೀಯಿಂಗ್" ಸರಿಯಾಗುವುದೂ ಇದೇ ಕಾರಣಕ್ಕೆ. ಆದರೆ "ದಿ ರೇನ್ ಹ್ಯಾಡ್ ಸ್ಟಾಪ್ಡ್, ದಿ ಮ್ಯಾಚ್ ರಿಸ್ಯೂಮ್ಡ್" ಎಂಬ ಆಪ್ಷನ್ ಕೊಟ್ಟರೆ ಜೋಕೆ. ಎರಡು ಪೂರ್ಣ ವಾಕ್ಯಗಳನ್ನು ಬರೀ ಕಾಮಾದಿಂದ ಜೋಡಿಸಿದ್ದಾರೆ, ತಪ್ಪು.

"ಅಕಾರ್ಡಿಂಗ್ ಟು", "ಕನ್ಸಿಡರಿಂಗ್", "ಗಿವನ್", "ಡಿಪೆಂಡಿಂಗ್ ಆನ್", "ರಿಗಾರ್ಡಿಂಗ್": ಇವು ನೋಡಲು ಮಾಡಿಫೈಯರ್ ಥರ ಇದ್ದರೂ ಕರ್ತೃ ಕೇಳುವುದಿಲ್ಲ. "ಕನ್ಸಿಡರಿಂಗ್ ದಿ ರೇನ್, ದಿ ಟರ್ನ್ಔಟ್ ವಾಸ್ ಗುಡ್" ವಾಕ್ಯದಲ್ಲಿ ತಪ್ಪು ಹುಡುಕಲು ಹೋಗಬೇಡಿ.

ಕರಾವಳಿ_ಓದು:

ವಾಕ್ಯದ ಮಧ್ಯೆ ಬರುವವನ್ನು ಯಾರೂ ಹೇಳಲಿಲ್ಲ. "ಶಿ ಸರ್ವ್ಡ್ ಉಪ್ಪಿಟ್ಟು ಟು ದಿ ಗೆಸ್ಟ್ಸ್ ಆನ್ ಬನಾನಾ ಲೀವ್ಸ್" ಎಂದರೆ ನೆಂಟರು ಬಾಳೆಎಲೆ ಮೇಲೆ ಕೂತಿದ್ದಾರೆ. "ಆನ್ ಬನಾನಾ ಲೀವ್ಸ್" ಉಪ್ಪಿಟ್ಟಿನ ಪಕ್ಕಕ್ಕೆ ಬರಬೇಕು. "ಸ್ಟೂಡೆಂಟ್ಸ್ ಹೂ ಪ್ರಾಕ್ಟೀಸ್ ಆಫನ್ ಸ್ಕೋರ್ ವೆಲ್" ಇನ್ನೊಂದು ಬಗೆ: "ಆಫನ್" ಅಭ್ಯಾಸಕ್ಕೆ ಸೇರಿದ್ದೋ ಅಂಕಕ್ಕೆ ಸೇರಿದ್ದೋ? "ಹೂ ಆಫನ್ ಪ್ರಾಕ್ಟೀಸ್" ಎಂದರೆ ಸಮಸ್ಯೆ ಇಲ್ಲ. "ಓನ್ಲಿ", "ಆಲ್ಮೋಸ್ಟ್" ಎರಡೂ ತಾವು ಸೀಮಿತಗೊಳಿಸುವ ಪದದ ಪಕ್ಕದಲ್ಲೇ, ಅದಕ್ಕಿಂತ ಮೊದಲು ಬರಲಿ.

ಎಂಬಿಎ ಪ್ರವೇಶ ಪರೀಕ್ಷೆ ಜಿಮ್ಯಾಟ್‌ನ ಹಳೆಯ ಸೆಂಟೆನ್ಸ್ ಕರೆಕ್ಷನ್ (ವಾಕ್ಯ ತಿದ್ದುವ ಪ್ರಶ್ನೆಗಳ) ಪುಸ್ತಕಗಳಿಂದ ಇದನ್ನು ಅಭ್ಯಾಸ ಮಾಡುವವರಿಗೆ ಒಂದು ಮಾತು: 2023ರ ಕೊನೆಗೆ ಬಂದ ಹೊಸ ಜಿಮ್ಯಾಟ್‌ನಲ್ಲಿ ಆ ಭಾಗವೇ ಇಲ್ಲ. ನಿಯಮ ಕಲಿಯಲು ಪುಸ್ತಕ ಒಳ್ಳೆಯದೇ, ಆದರೆ ಅದರ ಉದ್ದುದ್ದ ವಾಕ್ಯಗಳು ಎಸ್‌ಎಟಿಗೆ ಅಗತ್ಯವಿಲ್ಲ.

ತುಂಗಾತೀರ:

ಇಂಥ ಪ್ರಶ್ನೆಗಳನ್ನೇ ಆರಿಸಿ ಅಭ್ಯಾಸ ಮಾಡುವುದು ಹೇಗೆ? ಸಮಯ ಎಷ್ಟು ಕೊಡಬೇಕು?

ಕಾಮಾ_ಕಾವಲುಗಾರ:

ರೀಡಿಂಗ್ ಅಂಡ್ ರೈಟಿಂಗ್‌ನಲ್ಲಿ 64 ನಿಮಿಷಕ್ಕೆ 54 ಪ್ರಶ್ನೆ, ತಲಾ 27 ಪ್ರಶ್ನೆಯ ಎರಡು ಮಾಡ್ಯೂಲ್. ಸರಾಸರಿ 71 ಸೆಕೆಂಡ್ ಸಿಗುತ್ತದೆ. ಸಬ್ಜೆಕ್ಟ್ ಮಾತ್ರ ನೋಡುವ ಅಭ್ಯಾಸ ಆದರೆ ಇದಕ್ಕೆ ಅರ್ಧ ನಿಮಿಷ ಸಾಕು, ಉಳಿದದ್ದನ್ನು ಉದ್ದದ ಪ್ಯಾಸೇಜ್‌ಗೆ ಇಟ್ಟುಕೊಳ್ಳಿ.

ಎಸ್‌ಎಟಿ ನಡೆಸುವ ಕಾಲೇಜ್ ಬೋರ್ಡ್‌ನ ಕ್ವೆಶ್ಚನ್ ಬ್ಯಾಂಕ್ ಉಚಿತ. ಅದರಲ್ಲಿ "ಸ್ಟ್ಯಾಂಡರ್ಡ್ ಇಂಗ್ಲಿಷ್ ಕನ್ವೆನ್ಷನ್ಸ್" ಆರಿಸಿ, ಒಳಗೆ "ಫಾರ್ಮ್, ಸ್ಟ್ರಕ್ಚರ್, ಅಂಡ್ ಸೆನ್ಸ್" ಹಾಕಿ. ಮಾಡಿಫೈಯರ್‌ಗೆ ಪ್ರತ್ಯೇಕ ಫಿಲ್ಟರ್ ಇಲ್ಲ, ಟೆನ್ಸ್, ಪ್ರೋನೌನ್, ಅಗ್ರಿಮೆಂಟ್ ಎಲ್ಲ ಒಟ್ಟಿಗೆ ಬರುತ್ತವೆ. ಬೇರ್ಪಡಿಸುವುದು ಸುಲಭ: ಆಪ್ಷನ್‌ಗಳಲ್ಲಿ ಒಂದೇ ಕ್ರಿಯಾಪದದ ನಾಲ್ಕು ರೂಪ ಇದ್ದರೆ ಅದು ಟೆನ್ಸ್ ಅಥವಾ ಅಗ್ರಿಮೆಂಟ್, ನಾಲ್ಕೂ ಉದ್ದವಾಗಿದ್ದು, ಅದೇ ಸಂಗತಿಯನ್ನು ಬೇರೆ ಬೇರೆ ನಾಮಪದದಿಂದ ಶುರು ಮಾಡಿದ್ದರೆ ಮಾಡಿಫೈಯರ್. ಅಂಥದ್ದು ಕಂಡರೆ ಖಾಲಿ ಜಾಗದ ಹಿಂದೆ ಕಾಮಾ ಇದೆಯೇ ನೋಡಿ, ಅದರ ಹಿಂದಿನ ತುಂಡಿಗೆ "ಯಾರು?" ಎಂದು ಕೇಳಿ ಶುರು ಮಾಡಿ.