ರೆಫ್ಯೂಜಿಯಂ ಪಾಚಿ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಇವತ್ತಿನ ವಿಷಯ ಉಪ್ಪುನೀರಿನ ಟ್ಯಾಂಕಿನ ರೆಫ್ಯೂಜಿಯಂ, ಅಂದರೆ ಸಂಪಿನಲ್ಲಿ (ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ), ನೀರಿನ ನೈಟ್ರೇಟ್ ಫಾಸ್ಫೇಟ್ ಹೀರಲೆಂದು, ಕಡಲಪಾಚಿ ಬೆಳೆಸಲು ಬಿಟ್ಟ ಕೋಣೆ. ಉತ್ತರಿಸುವವರು ಕಾರವಾರದಲ್ಲಿ ಟ್ಯಾಂಕ್ ನಿರ್ವಹಣೆ ಮಾಡುವ ನಮ್ಮ ಮೇಡಂ. ಪ್ರಶ್ನೆಯ ಜೊತೆ ಟ್ಯಾಂಕ್ ಎಷ್ಟು ಲೀಟರ್, ಉಪ್ಪಿನಂಶ, ನೈಟ್ರೇಟ್, ಫಾಸ್ಫೇಟ್ (ಲೀಟರಿಗೆ ಎಷ್ಟು ಮಿಗ್ರಾಂ) ಬರೆಯಿರಿ. ಹೆಸರು ಬೇಡ, ಊರು ಸಾಕು.

ಅಂಕೋಲಾ: ನಮಸ್ತೆ ಮೇಡಂ. 200 ಲೀಟರ್ ಟ್ಯಾಂಕ್, 30 ಲೀಟರ್ ರೆಫ್ಯೂಜಿಯಂ. ನೈಟ್ರೇಟ್ 25, ಫಾಸ್ಫೇಟ್ 0.15. ಕೀಟೋ (ಕೀಟೋಮಾರ್ಫಾ, ಎಳೆ ಎಳೆಯಾದ ಹಸಿರು ಕಡಲಪಾಚಿ) ಎಷ್ಟು ಹಾಕಬೇಕು, ಲೈಟ್ ಎಷ್ಟು ಗಂಟೆ?

ಮೇಡಂ: ನಮಸ್ತೆ. ಎರಡು ಮುಷ್ಟಿ ಕೀಟೋದಿಂದ ಶುರು ಮಾಡಿ. ಗಂಟೆಗೆ 150ರಿಂದ 300 ಲೀಟರ್ ನೀರು ಆ ಕೋಣೆ ದಾಟಬೇಕು. 6500 ಕೆಲ್ವಿನ್‌ನ 20 ವಾಟ್ ಎಲ್‌ಇಡಿ ನೀರಿನಿಂದ ಒಂದು ಗೇಣು ಮೇಲಿರಲಿ. ಮೇಲಿನ ಟ್ಯಾಂಕಿನ ಲೈಟ್ ಆರಿದಾಗ ಇದು ಉರಿಯಬೇಕು: ಸಂಜೆ 7ರಿಂದ ಬೆಳಿಗ್ಗೆ 9, ಒಟ್ಟು 14 ಗಂಟೆ. ರಾತ್ರಿ ಪಿಎಚ್ ಇಳಿಯುವುದು ಅದರಿಂದ ತಗ್ಗುತ್ತದೆ. ಕೋಣೆ ಮುಕ್ಕಾಲು ತುಂಬಿದಾಗ ಮೂರನೇ ಒಂದು ಪಾಲು ಕಿತ್ತು ಹೊರಗೆ ಹಾಕಿ. ಕೊಯ್ಯದಿದ್ದರೆ ಉಂಡೆಯ ಒಳಭಾಗಕ್ಕೆ ಬೆಳಕು ಸಿಗದೆ ಅಲ್ಲೇ ಕೊಳೆತು, ಹೀರಿದ್ದನ್ನೆಲ್ಲ ನೀರಿಗೇ ವಾಪಸ್ ಬಿಡುತ್ತದೆ.

ಭಟ್ಕಳ: ಮ್ಯಾಂಡರಿನ್ ಮೀನು ತರಬೇಕು ಅಂತಿದ್ದೇನೆ. ರೆಫ್ಯೂಜಿಯಂನಲ್ಲಿ ಅದು ತಿನ್ನುವ ಪಾಡ್ (ಸೀಗಡಿ ಜಾತಿಯ ಕಿರು ಜೀವಿಗಳು) ಸಾಕಷ್ಟು ಆಗಲು ಎಷ್ಟು ದಿನ ಕಾಯಬೇಕು?

ಸದಾಶಿವಗಡ: ದುಡ್ಡು ಕೊಟ್ಟು ಕೀಟೋ ಯಾಕೆ ಮೇಡಂ? ನಮ್ಮ ಬಂಡೆಗಳ ಮೇಲೆ ಹಸಿರು ಕೂದಲಿನ ಹಾಗೆ ಬೆಳೆದಿರ್ತದಲ್ಲ, ಅದೂ ಕೀಟೋಮಾರ್ಫಾನೇ ಅಂತೆ.

ಮೇಡಂ: ಕುಲ ಒಂದೇ, ಜಾತಿ ಬೇರೆ. ಬಂಡೆಯದು ಆಂಟೆನ್ನಿನಾ. ಕಲ್ಲಿಗೆ ಬುಡ ಕಚ್ಚಿಕೊಂಡು ಅಲೆ ಬಡಿತದಲ್ಲೇ ಬದುಕುವಂಥದು, ಸಂಪಿನ ಮಂದ ನೀರಿಗೆ ಬಂದರೆ ಸೊರಗುತ್ತದೆ. ನಿಮಗೆ ಬೇಕಾದದ್ದು ಲೈನಮ್, ಬುಡವಿಲ್ಲದೆ ಸಿಕ್ಕು ಸಿಕ್ಕಾಗಿ ತೇಲುವಂಥದು. ಎಲ್ಲಿಂದಲೇ ತಂದರೂ ಒಂದು ವಾರ ಬೇರೆ ಬಕೆಟ್‌ನಲ್ಲಿ ಉಪ್ಪುನೀರು, ಗಾಳಿ, ಬೆಳಕು ಕೊಟ್ಟು ಇಡಿ. ಗುಳ್ಳೆ ಪಾಚಿ, ಐಪ್ಟೇಸಿಯಾ (ಕುಟುಕುವ ಕಡಲಹೂವಿನಂಥ ಪೀಡೆ ಜೀವಿ) ಇದೆಯೇ ಎಂದು ಎಳೆ ಬಿಡಿಸಿ ನೋಡಿ. ನಲ್ಲಿ ನೀರಲ್ಲಿ ತೊಳೆದರೆ ಪಾಡ್ ಎಲ್ಲ ಸಾಯುತ್ತವೆ.

ಶಿರಸಿ: ಒಟ್ಟು ನೀರು 250 ಲೀಟರ್. ನೈಟ್ರೇಟ್ 0, ಫಾಸ್ಫೇಟ್ 0.08. ಕೀಟೋ ಬಿಳಿಚಿಕೊಂಡು ಪುಡಿ ಪುಡಿ ಆಗ್ತಾ ಇದ್ದು. ಕೆಂಪು ಲೋಳೆ ಬೇರೆ ಶುರುವಾಯ್ದು. ಎಂತ ಮಾಡದು? ತೋಟಕ್ಕೆ ತಂದ 13-0-45 ಗೊಬ್ಬರ ಮನೇಲಿ ಇದ್ದು, ಹಾಕಲಾಗ್ತಾ?

ಮೇಡಂ: ಪಾಚಿ ಉಪವಾಸ ಬಿದ್ದಿದೆ. ಫಾಸ್ಫೇಟ್ ಇದೆ, ನೈಟ್ರೇಟ್ ಇಲ್ಲ. ಅದೂ ಒಂದು ಬೆಳೆಯೇ, ಸಾರಜನಕ ಇಲ್ಲದೆ ಬೆಳೆಯದು. ನಿಮ್ಮ ಗೊಬ್ಬರವೂ ಪೊಟ್ಯಾಶಿಯಂ ನೈಟ್ರೇಟೇ. ಆದರೆ ಕೃಷಿ ದರ್ಜೆಯದರಲ್ಲಿ ಸೂಕ್ಷ್ಮ ಪೋಷಕ ಅಂತ ಸತು, ತಾಮ್ರ ಬೆರೆಸಿರಬಹುದು, ಅದು ಬೇಡ. ಲ್ಯಾಬ್ ದರ್ಜೆಯದು 8.2 ಗ್ರಾಂ ತೂಗಿ 1 ಲೀಟರ್ ಆರ್‌ಓ ನೀರಿನಲ್ಲಿ ಕರಗಿಸಿ. ನಿಮ್ಮ 250 ಲೀಟರಿಗೆ ಇದರ 100 ಮಿಲೀ ಹಾಕಿದರೆ ನೈಟ್ರೇಟ್ 2 ಏರುತ್ತದೆ. ದಿನಕ್ಕೆ ಒಮ್ಮೆ, ಮರುದಿನ ಅಳೆದು ಮತ್ತೆ. 5ಕ್ಕೆ ಬಂದಾಗ ನಿಲ್ಲಿಸಿ. ಎರಡು ವಾರದಲ್ಲಿ ಹೊಸ ಎಳೆ ಕಡು ಹಸಿರಾಗಿ ಬಾರದಿದ್ದರೆ ಆಮೇಲೆ ಕಬ್ಬಿಣದಂಶ ಹಾಕುವ ಮಾತು.

ಹೊನ್ನಾವರ: *(ಫಾರ್ವರ್ಡ್)* ತಾಮ್ರದ ಚೊಂಬಿನಲ್ಲಿ ರಾತ್ರಿ ಇಟ್ಟ ನೀರನ್ನು ಬೆಳಿಗ್ಗೆ ಟ್ಯಾಂಕಿಗೆ ಒಂದು ಲೋಟ ಹಾಕಿದರೆ ಕೆಂಪು ಲೋಳೆ ಮೂರು ದಿನದಲ್ಲಿ ಮಾಯ. ಎಲ್ಲರಿಗೂ ತಿಳಿಸಿ.

ಮೇಡಂ: ತಿಳಿಸಬೇಡಿ. ಮೀನಿನ ರೋಗಕ್ಕೆ ಬೇರೆ ಆಸ್ಪತ್ರೆ ಟ್ಯಾಂಕಿನಲ್ಲಿ ತಾಮ್ರ ಕೊಡುವುದುಂಟು, ಅದೂ ಅಳೆದು, ಬಸವನಹುಳು ಸೀಗಡಿ ಯಾವುದೂ ಇಲ್ಲದ ಕಡೆ. ರೆಫ್ಯೂಜಿಯಂ ಇರುವ ಟ್ಯಾಂಕಿಗೆ ಸೇರಿದರೆ ಪಾಡ್, ಸೀಗಡಿ, ಹವಳ ಎಲ್ಲಕ್ಕೂ ಅದು ವಿಷ. ಕಲ್ಲು, ಮರಳಿನೊಳಗೆ ಹಿಡಿದು ಕೂತು ತಿಂಗಳುಗಟ್ಟಲೆ ಹೊರಗೆ ಬಿಡುತ್ತಿರುತ್ತದೆ.

ಗೋಕರ್ಣ: ಸಾಣಿಕಟ್ಟಾ ಉಪ್ಪು ಕರಗಿಸಿ ನೀರು ಮಾಡಿದ್ರೆ ಆಗ್ತದಾ? ಇಲ್ಲೇ ಸಿಗ್ತದೆ, ಶುದ್ಧ ಕಡಲುಪ್ಪು.

ಮೇಡಂ: ಆಗದು. ಆಗರದಲ್ಲಿ ನೀರು ಗಟ್ಟಿಯಾಗುವಾಗ ಸುಣ್ಣದಂಶ ಮೊದಲೇ ಜಿಪ್ಸಂ ಆಗಿ ಕೂರುತ್ತದೆ, ಮೆಗ್ನೀಷಿಯಂ ಪೊಟ್ಯಾಶಿಯಂ ಕೊನೆಯ ಕಹಿನೀರಿನಲ್ಲಿ ಹೊರಟುಹೋಗುತ್ತದೆ. ನಡುವೆ ಸಿಗುವುದು ಅಡುಗೆಗೆ. ಕಡಲನೀರಲ್ಲಿ ಲೀಟರಿಗೆ ಕ್ಯಾಲ್ಸಿಯಂ ಸುಮಾರು 410 ಮಿಗ್ರಾಂ, ಮೆಗ್ನೀಷಿಯಂ 1300ರ ಹತ್ತಿರ ಇರಬೇಕು.

ಸದಾಶಿವಗಡ: ಕಡಲು ಮನೆ ಮುಂದೆ ಇಟ್ಕೊಂಡು ಉಪ್ಪಿನ ಪೊಟ್ಟಣ ಕೊಳ್ಳೋರನ್ನ ಕಂಡ್ರೆ ನಗು ಬರ್ತದೆ.

ಶಿರಸಿ: ಕಡಲು ನಿಮ್ಮ ಮನೆ ಮುಂದೆ ಇದ್ದು. ದೇವಿಮನೆ ಘಟ್ಟ ಹತ್ತಿಸಿ ಡ್ರಮ್ ತಂದುಕೊಡೋರು ನೀವಾ?

ಸದಾಶಿವಗಡ: ಘಟ್ಟದ ಮೇಲೆ ಕೂತು ಕಡಲ ಮೀನು ಸಾಕು ಅಂತ ಹೇಳಿದ್ದು ಯಾರು ಮಾರಾಯ್ರೆ?

ಶಿರಸಿ: ಹಾಂ, ಆಷಾಢದಲ್ಲಿ ಕಾಳಿ ಬಾಯಿಯ ನೀರು ತುಂಬ್ಕೊಂಡು ಬಂದು ಸಮುದ್ರದ ನೀರು ಅಂತ ಹೇಳೋರ ಬುದ್ಧಿ ನಮಗೆ ಬೇಡ.

ಮೇಡಂ: ಇದರಲ್ಲಿ ಶಿರಸಿಯವರ ಮಾತು ಸರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನದಿ ಬಾಯಿಯ ಆಸುಪಾಸಿನ ನೀರು ಬೇಡ. ಬೇರೆ ತಿಂಗಳಲ್ಲಿ ಭರತದ ಹೊತ್ತು ತನ್ನಿ, 5 ಮೈಕ್ರಾನ್ ಫಿಲ್ಟರ್ ದಾಟಿಸಿ, ಸಾಪೇಕ್ಷ ಸಾಂದ್ರತೆ 1.025 ಬಂತೇ ನೋಡಿ. ಅದನ್ನು ಅಳೆಯುವ ರಿಫ್ರಾಕ್ಟೋಮೀಟರನ್ನು ಸಾವಿರಕ್ಕೆ 35 ಉಪ್ಪಿನಂಶದ ದ್ರಾವಣ ಹಾಕಿ ಸರಿಪಡಿಸಿಕೊಳ್ಳಿ, ಬರೀ ಆರ್‌ಓ ನೀರು ಹಾಕಿ ಅಲ್ಲ. ಜಗಳ ಇಲ್ಲಿಗೆ ಸಾಕು.

ಕುಮಟಾ: ಮೇಡಂ ತುರ್ತು. 300 ಲೀಟರ್, 40 ಲೀಟರ್ ರೆಫ್ಯೂಜಿಯಂ, ಪೂರ್ತಿ ಕಾಲರ್ಪಾ ಪಾಚಿ, ಅಂಗಡಿಯಿಂದ ತಂದ ದ್ರಾಕ್ಷಿ ಗೊಂಚಲಿನಂಥದು. ನಿನ್ನೆ ಸಂಜೆ ಎಲೆ ಮೇಲೆ ಮಚ್ಚೆ ಮಚ್ಚೆ ಕಂಡಿತ್ತು. ಈಗ ಬೆಳಿಗ್ಗೆ ನೀರು ಹಸಿರು ಮಜ್ಜಿಗೆ ಹಾಗೆ, ಪಾಚಿ ಗಾಜಿನ ಹಾಗೆ ಬೆಳ್ಳಗೆ, ಮೀನು ಮೇಲೆ ಬಂದು ಬಾಯಿ ಬಿಡ್ತಾ ಇವೆ. ಇಷ್ಟು ವಾರ 24 ಗಂಟೆ ಲೈಟ್ ಇತ್ತು. ನಾಲ್ಕು ದಿನದ ಹಿಂದೆ ಹೊನ್ನಾವರದವರ ಮಾತು ಕೇಳಿ 10 ಗಂಟೆಗೆ ಇಳಿಸಿದ್ದೆ.

ಮೇಡಂ: ಬೇರೆ ಪ್ರಶ್ನೆಗಳು ಆಮೇಲೆ. ಕುಮಟಾದವರೇ, ಓದುತ್ತಾ ಮಾಡುತ್ತಾ ಹೋಗಿ.

ಮೊದಲು ಗಾಳಿ. ಇದ್ದಬದ್ದ ಏರ್ ಪಂಪ್ ಎಲ್ಲ ಮೇಲಿನ ಟ್ಯಾಂಕಿಗೆ. ಪವರ್‌ಹೆಡ್ (ಟ್ಯಾಂಕಿನೊಳಗೆ ನೀರು ತಳ್ಳುವ ಪಂಪ್) ಮೂತಿ ನೀರಿನ ಮೇಲ್ಮೈ ಕಡೆ ತಿರುಗಿಸಿ. ಸ್ಕಿಮ್ಮರ್ (ಕೊಳೆಯನ್ನು ನೊರೆಯಾಗಿ ತೆಗೆಯುವ ಸಾಧನ) ಪೂರ್ತಿ ತೆರೆಯಿರಿ. ನೊರೆ ಉಕ್ಕುತ್ತದೆ, ಉಕ್ಕಲಿ, ಕಪ್ ಖಾಲಿ ಮಾಡುತ್ತಾ ಇರಿ. ಯುವಿ ದೀಪ ಇದ್ದರೆ ಹಚ್ಚಿ.

ಎರಡನೆಯದು, ರೆಫ್ಯೂಜಿಯಂಗೆ ನೀರು ಬರುವುದನ್ನು ನಿಲ್ಲಿಸಿ ಕಾಲರ್ಪಾ ಎತ್ತಿ. ಕತ್ತರಿ ಬೇಡ, ಚೂರು ಚೂರಾಗಿ ಕೀಳಬೇಡಿ. ಆ ಪಾಚಿಗೆ ಒಳಗೆ ಗೋಡೆಗಳಿಲ್ಲ, ಇಡೀ ಬಳ್ಳಿಯೇ ಒಂದು ಜೀವಕೋಶ. ಹರಿದಲ್ಲೆಲ್ಲ ರಸ ಸೋರುತ್ತದೆ. ಚಾಪೆ ಸುತ್ತುವ ಹಾಗೆ ಬಳ್ಳಿ ಸಮೇತ ಸುತ್ತಿ ಬಕೆಟ್‌ಗೆ ಹಾಕಿ. ಹಸಿರಾಗಿ ಉಳಿದದ್ದನ್ನೂ ಬಿಡಬೇಡಿ, ನಾಳೆ ಬೆಳಗಿನ ಜಾವ ಅದರ ಸರದಿ.

ಮೂರನೆಯದು, ಫಿಲ್ಟರ್ ಸಾಕ್ಸ್ ಎರಡು ಗಂಟೆಗೊಮ್ಮೆ ಬದಲಿಸಿ. ಒಂದು ಲೋಟ ಆಕ್ಟಿವೇಟೆಡ್ ಕಾರ್ಬನ್ ಆರ್‌ಓ ನೀರಲ್ಲಿ ತೊಳೆದು, ನೀರು ಹರಿಯುವ ಜಾಗದಲ್ಲಿ ಚೀಲದಲ್ಲಿಡಿ. ಅದೇ ಉಪ್ಪಿನಂಶ, ಒಂದು ಡಿಗ್ರಿಯೊಳಗಿನ ಅದೇ ಬಿಸಿ ಇರುವ ಹೊಸ ನೀರು ಸಿದ್ಧವಿದ್ದರೆ 75 ಲೀಟರ್ ಬದಲಿಸಿ. ಇವತ್ತು ಮೀನಿಗೆ ತಿಂಡಿ ಇಲ್ಲ. ಬೆಳಿಗ್ಗೆ ಸಂಜೆ ಅಮೋನಿಯ ಅಳೆಯಿರಿ.

ಆಗಿದ್ದು ಇಷ್ಟು: ಕಾಲರ್ಪಾ ಸಂತಾನಕ್ಕೆ ಹೊರಟಾಗ ತನ್ನೊಳಗಿನದನ್ನೆಲ್ಲ ಲಿಂಗಕಣಗಳಾಗಿ ಮಾರ್ಪಡಿಸಿ ನಸುಕಿನಲ್ಲಿ ಒಮ್ಮೆಲೇ ಹೊರಹಾಕುತ್ತದೆ. ಉಳಿಯುವುದು ಬಿಳಿ ತೊಗಟೆ. ನಿನ್ನೆ ಕಂಡ ಮಚ್ಚೆ ಅದರದೇ ಮುನ್ಸೂಚನೆ. ಕಣಗಳು ಸತ್ತು ಕೊಳೆಯುವಾಗ ಬ್ಯಾಕ್ಟೀರಿಯಾ ಆಮ್ಲಜನಕ ಎಳೆಯುತ್ತವೆ, ಆಮ್ಲಜನಕ ಕೊಡುತ್ತಿದ್ದ ಪಾಚಿಯೇ ಇಲ್ಲ. ಮೀನು ಬಾಯಿ ಬಿಡುವುದು ಅದಕ್ಕೆ. ಅದು ಹೀರಿಟ್ಟಿದ್ದ ನೈಟ್ರೇಟ್, ಫಾಸ್ಫೇಟ್ ಈ ವಾರ ಮತ್ತೆ ಮೇಲೇಳುತ್ತದೆ, ಗಾಬರಿ ಬೇಡ.

ಹೊನ್ನಾವರ: ನನ್ನ ಹೆಸರು ಯಾಕೆ ಎಳೀತೀರಿ? ರಾತ್ರಿ ಮಾತ್ರ ಲೈಟ್ ಅಂತ ಮೇಡಮ್ಮೇ ಈಗ ಅಂಕೋಲಾದವರಿಗೆ ಹೇಳಿದ್ರಲ್ಲ.

ಕುಮಟಾ: ಅವರಿಗೆ ಹೇಳಿದ್ದು ಕೀಟೋಗೆ. ನೀವು ಕಾಲರ್ಪಾ ಅಂತ ಗೊತ್ತಿದ್ದೇ ಹೇಳಿದ್ರಿ.

ಹೊನ್ನಾವರ: ಪಾಚಿ ಪಾಚಿನೇ. ಕೊಯ್ಲು ಮಾಡದೆ ಕೋಣೆ ತುಂಬ ಬಿಟ್ಟಿದ್ದು ನೀವು.

ಮೇಡಂ: ಪಾಚಿ ಪಾಚಿಯೇ ಅಲ್ಲ. ಕೀಟೋ ಹೀಗೆ ಮಾಡದು, ಅದಕ್ಕೇ ಅದನ್ನು ಹೇಳುವುದು. ಬೆಳಕು ಏಕಾಏಕಿ ಇಳಿಸಿದ್ದು, ತಿಂಗಳುಗಟ್ಟಲೆ ಕೊಯ್ಯದಿದ್ದದ್ದು, ಎರಡೂ ಕಾಲರ್ಪಾಕ್ಕೆ ಒಳ್ಳೆಯದಲ್ಲ. ಇಬ್ಬರೂ ಹಂಚಿಕೊಳ್ಳಿ.

ಹೊನ್ನಾವರ: *(ಫಾರ್ವರ್ಡ್)* ಹಸಿರು ನೀರಿಗೆ ಪಟಿಕಾರದ ಪುಡಿ, ಹತ್ತೇ ನಿಮಿಷದಲ್ಲಿ ತಿಳಿ.

ಮೇಡಂ: ಕುಮಟಾದವರೇ, ಹಾಕಬೇಡಿ. ಪಟಿಕಾರ ನೀರಿನ ಕ್ಷಾರತೆ ತಿಂದು ಪಿಎಚ್ ಇಳಿಸುತ್ತದೆ, ಅಲ್ಯೂಮಿನಿಯಂ ಮೀನಿನ ಕಿವಿರಿಗೆ ಹತ್ತುತ್ತದೆ. ಅಡ್ಮಿನ್, ಫಾರ್ವರ್ಡ್ ಬಂದ್ ಮಾಡಲು ಆಗುತ್ತದೆಯೇ?

ಶಿರಸಿ: ಇಲ್ಲಿ ಮಳೆ ಜೋರು, ಕರೆಂಟ್ ಎರಡು ದಿನದಿಂದ ಹೋಗಿ ಬಂದು ಮಾಡ್ತು. ಕೀಟೋ ಸಾಯ್ತಾ?

ಮೇಡಂ: ಎರಡು ಮೂರು ದಿನದ ಕತ್ತಲೆ ತಡೆಯುತ್ತದೆ. ಬ್ಯಾಟರಿ ಏರ್ ಪಂಪ್ ಮೀನಿನ ಟ್ಯಾಂಕಿಗೆ ಕೊಡಿ. ಸಂಪಿನಿಂದ ಮೇಲಕ್ಕೆ ನೀರು ಒಯ್ಯುವ ರಿಟರ್ನ್ ಪೈಪಿಗೆ ನೀರಿನ ಮಟ್ಟದ ಸ್ವಲ್ಪ ಕೆಳಗೆ ಸಣ್ಣ ತೂತು ಇದೆಯೇ ನೋಡಿ. ಇಲ್ಲದಿದ್ದರೆ ಕರೆಂಟ್ ಹೋದಾಗಲೆಲ್ಲ ಮೇಲಿನ ನೀರು ಅದೇ ಪೈಪಿನಲ್ಲಿ ವಾಪಸ್ ಇಳಿದು ಸಂಪ್ ಉಕ್ಕಬಹುದು.

ಹಳಿಯಾಳ: ಕೀಟೋಗೆ ಲೈಟ್ ಎಷ್ಟು ಗಂಟೆ?

ಮೇಡಂ: 14. ಮೇಲೆ ಇದೆ.

ಭಟ್ಕಳ: ಮೇಡಂ, ಮ್ಯಾಂಡರಿನ್?

ಯಲ್ಲಾಪುರ: ಲೈಟ್ ಹಗಲಾ ರಾತ್ರಿನಾ?

ಮೇಡಂ: ಮೇಲೆ ಓದಿ.

ಕುಮಟಾ: ಪಾಚಿ ಪೂರ್ತಿ ತೆಗೆದೆ. ಮೀನು ಕೆಳಗೆ ಇಳಿದವು, ಒಂದು ಇನ್ನೂ ಏದುಸಿರು ಬಿಡ್ತಾ ಇದೆ. ಅಮೋನಿಯ 0.25. ಬಕೆಟ್‌ನಲ್ಲಿ ಇದ್ದದ್ದನ್ನ ಹಿಂದಿನ ಹಳ್ಳಕ್ಕೆ ಚೆಲ್ಲಲಾ?

ಮೇಡಂ: ಬೇಡ ಬೇಡ. ಹಳ್ಳ ಹೋಗಿ ಸೇರುವುದು ಕಡಲಿಗೆ. ಅಂಗಡಿಯ ಪಾಚಿ ಯಾವ ದೇಶದ್ದೋ. 1984ರಲ್ಲಿ ಮೊನಾಕೊ ತೀರದಲ್ಲಿ ಕಂಡ ಅಕ್ವೇರಿಯಂ ಕಾಲರ್ಪಾ ಮೆಡಿಟರೇನಿಯನ್ ತಳದ ಹುಲ್ಲುಗಾವಲಿನ ಮೇಲೆಲ್ಲ ಹಬ್ಬಿತು. ಒಂದು ಚೂರು ಸಾಕು ಅದಕ್ಕೆ. ಬಿಸಿಲಲ್ಲಿ ಒಣಗಿಸಿ ಬಿಸಾಡಿ. 0.25ಕ್ಕೆ ಸಂಜೆ ಇನ್ನೊಮ್ಮೆ 50 ಲೀಟರ್ ಬದಲಿಸಿ.

ಕುಮಟಾ: ಈ ಮಳೇಲಿ ಬಿಸಿಲು ಎಲ್ಲಿ ಮೇಡಂ?

ಮೇಡಂ: ಕುದಿಯುವ ನೀರು ಹುಯ್ಯಿರಿ. ಆರಿದ ಮೇಲೆ ತೆಂಗಿನ ಬುಡಕ್ಕೆ ಹಾಕಿ, ಅದು ಉಪ್ಪು ತಡೆಯುತ್ತದೆ. ರಾತ್ರಿ ಅಮೋನಿಯ ಎಷ್ಟು ಅಂತ ನನಗೆ ಬರೆಯಿರಿ.