ಮೊದಲ ವರ್ಷದ ಎಂಜಿನಿಯರಿಂಗ್‌ಗೆ ಯಾವ ಪುಸ್ತಕ ಒಯ್ಯಬೇಕು?

ಪ್ರಶ್ನೆ: ಹಾಸ್ಟೆಲ್ ಕಪಾಟು ಚಿಕ್ಕದು. ಹನ್ನೆರಡನೇ ತರಗತಿಯ ಪುಸ್ತಕ ಯಾವುದು ಇಟ್ಟುಕೊಳ್ಳಲಿ? ಹೊಸದನ್ನು ಈಗಲೇ ಕೊಳ್ಳಬೇಕೇ?

ಉತ್ತರ 1: ಗಣಿತದ ಪುಸ್ತಕ ಬಿಡಲೇಬೇಡಿ. ಆಂಶಿಕ ಭಿನ್ನರಾಶಿ, ಭಾಗಶಃ ಅನುಕಲನ, ಮ್ಯಾಟ್ರಿಕ್ಸ್ ಎಲ್ಲ ಗೊತ್ತಿದೆ ಎಂದುಕೊಂಡೇ ಕಾಲೇಜಿನಲ್ಲಿ ಪಾಠ ಶುರುವಾಗುತ್ತದೆ. ಸೂತ್ರ ಗೊತ್ತಿದ್ದರೂ ಬುಡ ಗಟ್ಟಿಯಿಲ್ಲದಿದ್ದರೆ ಎಡವುತ್ತೀರಿ. ಧ್ರುವೀಯ ನಿರ್ದೇಶಾಂಕದಲ್ಲಿ (ಬಿಂದುವನ್ನು ದೂರ ಮತ್ತು ಕೋನದಿಂದ ಗುರುತಿಸುವ ವಿಧಾನ) ವೃತ್ತದ ವಿಸ್ತೀರ್ಣ ತೆಗೆಯುವಾಗ ಡಿಆರ್ ಡಿಥೀಟಾ ಮುಂದಿನ ಒಂದು 'ಆರ್' ಬಿಟ್ಟರೆ, ಪೈ ಆರ್ ವರ್ಗದ ಬದಲು 2 ಪೈ ಆರ್ ಬರುತ್ತದೆ. ಅದು ಪರಿಧಿ, ವಿಸ್ತೀರ್ಣವಲ್ಲ! ಭೌತಶಾಸ್ತ್ರದಲ್ಲಿ ಹನ್ನೊಂದನೇ ತರಗತಿಯ ಬಲವಿಜ್ಞಾನದ ಭಾಗ ಸಾಕು. ರಸಾಯನಶಾಸ್ತ್ರ ಮನೆಯಲ್ಲೇ ಇರಲಿ.

ಉತ್ತರ 2: ಹೊಸದನ್ನು ಈಗ ಕೊಳ್ಳಬೇಡಿ. ಪಠ್ಯಕ್ರಮದ ಪಟ್ಟಿಯಲ್ಲಿ 'ಪಠ್ಯಪುಸ್ತಕ' ಮತ್ತು 'ಪರಾಮರ್ಶನ' ಅಂತ ಬೇರೆ ಬೇರೆ ಇರುತ್ತದೆ. ಎರಡನೆಯದು ಲೈಬ್ರರಿಯಲ್ಲಿ ನೋಡಿದರೆ ಸಾಕು. ಮೊದಲ ವಾರದ ತರಗತಿ ಮುಗಿಯಲಿ, ಮೇಷ್ಟ್ರು ಲೆಕ್ಕಗಳನ್ನು ಯಾವುದರಿಂದ ಕೊಡುತ್ತಾರೆ ನೋಡಿ. ಹಳೆಯ ಆವೃತ್ತಿ ಓದಲು ಚೆನ್ನಾಗಿಯೇ ಇರುತ್ತದೆ, ಆದರೆ ಅಧ್ಯಾಯದ ಕೊನೆಯ ಲೆಕ್ಕಗಳ ಕ್ರಮಸಂಖ್ಯೆ ಬದಲಾಗಿರುತ್ತದೆ. ಲೈಬ್ರರಿಯ ಹೊಸ ಪ್ರತಿಯೊಂದಿಗೆ ತಾಳೆ ನೋಡದೆ ಅಸೈನ್‌ಮೆಂಟ್ ಮಾಡಿದರೆ ಬೇರೆಯದೇ ಲೆಕ್ಕ ಬಿಡಿಸಿಟ್ಟಿರುತ್ತೀರಿ. ಸೆಕೆಂಡ್‌ಹ್ಯಾಂಡ್ ಪುಸ್ತಕದ ಆನ್‌ಲೈನ್ ಕೋಡ್ ಸಾಮಾನ್ಯವಾಗಿ ಒಂದೇ ಸಲಕ್ಕೆ; ಅದನ್ನು ನಂಬಬೇಡಿ.

ಉತ್ತರ 3: ಪ್ರೋಗ್ರಾಮಿಂಗ್ ಪುಸ್ತಕಕ್ಕೆ ಮುಂಚೆ ಭಾಷೆ ಸಿ ಯೋ ಪೈಥಾನೋ ಕೇಳಿಕೊಳ್ಳಿ. ಪೈಥಾನ್ ಆದರೆ ಆವೃತ್ತಿ 3ರದ್ದೇ ಇರಬೇಕು. 2ರ ಪುಸ್ತಕದಲ್ಲಿ ಪ್ರಿಂಟ್ ಆದೇಶಕ್ಕೆ ಆವರಣ ಚಿಹ್ನೆ ಹಾಕಿರುವುದಿಲ್ಲ, ಹಾಗೇ ಟೈಪ್ ಮಾಡಿದರೆ ಮೊದಲ ಸಾಲಿಗೇ ಎರರ್. 5 ಅನ್ನು 2ರಿಂದ ಭಾಗಿಸಿದರೆ ಅದರಲ್ಲಿ 2, ಈಗಿನದರಲ್ಲಿ 2.5.