ಕುಷ್ಠರೋಗದ ಶಂಕೆ ಇದ್ದಾಗ ಅಲ್ನಾರ್ ನರವನ್ನು ಎಲ್ಲಿ ಅಳೆಯಬೇಕು?

ಪ್ರಶ್ನೆ (ಚರ್ಮರೋಗ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿನಿ):
ಮುಂಗೈಯಲ್ಲಿ ಸ್ಪರ್ಶಜ್ಞಾನವಿಲ್ಲದ ಮಚ್ಚೆಯಿರುವ ರೋಗಿಯೊಬ್ಬರ ಬಲ ಮೊಣಕೈಯ ಹಿಂದೆ ಅಲ್ನಾರ್ ನರ (ತೋಳಿನಿಂದ ಕಿರುಬೆರಳಿನ ಕಡೆಗೆ ಹೋಗುವ ನರ) ದಪ್ಪಗಿರುವಂತೆ ನನ್ನ ಬೆರಳಿಗೆ ಸಿಗುತ್ತದೆ, ಆದರೆ ಸಹಪಾಠಿಗೆ ಹಾಗನ್ನಿಸುತ್ತಿಲ್ಲ. ಅಲ್ಟ್ರಾಸೌಂಡ್ ವರದಿಯಲ್ಲಿ ನರದ ಅಡ್ಡಕೊಯ್ತದ ವಿಸ್ತೀರ್ಣ ‘ಮೊಣಕೈ ಬಳಿ 9 ಚದರ ಮಿ.ಮೀ., ಸಹಜ’ ಎಂದಷ್ಟೇ ಇದೆ. ಇದನ್ನು ನಂಬಿ ನರ ದಪ್ಪವಾಗಿಲ್ಲವೆಂದು ಬರೆಯಬಹುದೇ?

ಉತ್ತರ 1 (ರೇಡಿಯಾಲಜಿಸ್ಟ್):
ಇಷ್ಟರಿಂದಲೇ ಬರೆಯಬೇಡಿ. ನರ ಮೊಣಕೈಯಲ್ಲಿ ಒತ್ತಡಕ್ಕೆ ಸಿಕ್ಕಾಗ ಊತ ಮೂಳೆಯ ಹಿಂದಿನ ಓಣಿಯ ಆಸುಪಾಸಿನಲ್ಲಿರುತ್ತದೆ. ಕುಷ್ಠರೋಗದಲ್ಲಾದರೋ ಅದು ಸಾಮಾನ್ಯವಾಗಿ ಮೊಣಕೈಯ ಒಳಗಂಟಿಗಿಂತ ಕೆಲವು ಸೆಂಟಿಮೀಟರ್ ಮೇಲೆ, ತೋಳಿನ ಕೆಳಭಾಗದಲ್ಲಿ ಅತಿ ಹೆಚ್ಚಾಗಿರುವುದರಿಂದ, ಓಣಿಯೊಂದನ್ನೇ ಅಳೆದ ವರದಿಯಲ್ಲಿ ಅದು ಸುಲಭವಾಗಿ ತಪ್ಪಿಹೋಗುತ್ತದೆ. ಹೆಚ್ಚಿನ ಆವರ್ತನದ ಲೀನಿಯರ್ ಪ್ರೋಬನ್ನು ಮಣಿಕಟ್ಟಿನಿಂದ ನಡುತೋಳಿನವರೆಗೆ ಅಡ್ಡಕೊಯ್ತದಲ್ಲಿ ಸಾಗಿಸಿ, ನರ ಅತಿ ದಪ್ಪಗೆ ಕಂಡಲ್ಲಿ ಅಳೆದು, ಎಡಗೈಯಲ್ಲೂ ಅದೇ ಮಟ್ಟದಲ್ಲಿ ಅಳೆಯುವಂತೆ ಕೇಳಿಕೊಳ್ಳಿ. ಗೆರೆಯನ್ನು ನರದ ಸುತ್ತಲಿನ ಬಿಳಿ ಅಂಚಿನ ಒಳಬದಿಯಲ್ಲಿ ಎಳೆಯಬೇಕು. ಅಂಚನ್ನೂ ಸೇರಿಸಿದರೆ ವಿಸ್ತೀರ್ಣ ಏರುತ್ತದೆ. ಪ್ರೋಬ್ ಓರೆಯಾದರೂ ಹಾಗೆಯೇ. ಮೊಣಕೈ ಮಡಚಿದಾಗ ನರ ಚಪ್ಪಟೆಯಾಗುವುದರಿಂದ ಎರಡೂ ಕೈಗಳ ಭಂಗಿ ಒಂದೇ ಆಗಿರಲಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು ಸರ್. ಎರಡೂ ಕೈಗಳ ನರಗಳು ದಪ್ಪವಾಗಿದ್ದರೆ ಹೋಲಿಕೆಗೆ ಆಧಾರವೇನು?

ಉತ್ತರ 2 (ನರರೋಗ ತಜ್ಞೆ):
ಅದೇ ನರವನ್ನು ನಡುಮುಂಗೈಯಲ್ಲಿ ಅಳೆದು ಹೋಲಿಸಿ. ಒಂದೇ ನರ ಒಂದೆಡೆ ಉಬ್ಬಿ ಇನ್ನೊಂದೆಡೆ ಸಹಜವಾಗಿರುವುದು, ಎಡಬಲಗಳ ನಡುವೆ ಅಂತರವಿರುವುದು ಕುಷ್ಠರೋಗಕ್ಕೆ ಹೊಂದುವ ಚಿತ್ರ. ಎಲ್ಲ ನರಗಳೂ ಉದ್ದಕ್ಕೂ ಏಕರೂಪವಾಗಿ ದಪ್ಪಗಿದ್ದರೆ ಷಾರ್ಕೋ-ಮರಿ-ಟೂತ್ 1ಎ ಮಾದರಿಯ ಆನುವಂಶಿಕ ಕಾಯಿಲೆಯನ್ನು ಯೋಚಿಸಬೇಕು. ರಕ್ತಸಂಚಾರ ತೋರಿಸುವ ಕಲರ್ ಡಾಪ್ಲರನ್ನೂ ಹಾಕಿಸಿ: ಆರೋಗ್ಯವಂತ ನರದೊಳಗೆ ರಕ್ತಸಂಚಾರ ಬಹುಮಟ್ಟಿಗೆ ಕಾಣುವುದಿಲ್ಲ, ಅದು ಎದ್ದು ಕಂಡು, ನರ ಮುಟ್ಟಿದರೆ ನೋಯುತ್ತಿದ್ದರೆ ರಿಯಾಕ್ಷನ್ (ಕುಷ್ಠರೋಗದಲ್ಲಿ ದೇಹದ ರೋಗನಿರೋಧಕ ಪ್ರತಿಕ್ರಿಯೆಯಿಂದ ಏಕಾಏಕಿ ಉಂಟಾಗುವ ಉರಿಯೂತ) ಇದೆಯೆಂದು ಬಲವಾಗಿ ಶಂಕಿಸಿ, ಸ್ಟೀರಾಯ್ಡ್ ನಿರ್ಧಾರವನ್ನು ಮುಂದೂಡಬೇಡಿ. ಅಂದಹಾಗೆ, ಸ್ಪರ್ಶಜ್ಞಾನ ಖಚಿತವಾಗಿ ಇಲ್ಲದ ತಿಳಿಬಣ್ಣದ ಅಥವಾ ಕೆಂಪು ಮಚ್ಚೆಯೇ ಕುಷ್ಠರೋಗದ ಪ್ರಧಾನ ಲಕ್ಷಣಗಳಲ್ಲೊಂದು. ಆದ್ದರಿಂದ ನಿಮ್ಮ ರೋಗಿಯಲ್ಲಿ ಈ ಅಳತೆಯಿಂದ ತಿಳಿಯಬೇಕಾದದ್ದು ರೋಗವಿದೆಯೇ ಎಂಬುದಕ್ಕಿಂತ ನರಕ್ಕೆ ಎಷ್ಟು ಅಪಾಯವಿದೆ ಎಂಬುದು; ಬೆರಳುಗಳ ಬಲ ಮತ್ತು ಸ್ಪರ್ಶವನ್ನು ಇಂದೇ ಪರೀಕ್ಷಿಸಿ ದಾಖಲಿಸಿಡಿ.